ಇಟಗಿಯ ಮಕರ

ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗನಿಗೆ ಒಂದು ಆಟದ ಹುಚ್ಚು. ಐದಾರು ಮಂದಿ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ ಕಥೆ ಕಟ್ಟುತ್ತಾರಂತೆ. ದೀಪಾವಳಿಗೆ ಕೊಪ್ಪಳಕ್ಕೆ ಬಂದವನು, "ಕಾಕಾ, ನೀರಾಗ ಇರೋ ಡ್ರ್ಯಾಗನ್ ಒಂದು ಬರದ್ ಕೊಡ್ರಿ. ಎಲ್ಲೂ ಇರದಂಥಾದ್ದು ಬೇಕು" ಅಂದ. ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನು ನಾನು. "ಗಾಡಿ ತೆಗಿ" ಅಂದೆ.

ಮೊದಲು ಕುಕನೂರಿನಲ್ಲಿ ಇಳಿದೆವು. ಅಲ್ಲಿಯ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು. ಬಾಗಿಲವಾಡದ ಮೇಲೆ ಮಕರತೋರಣವಿದೆ, ಆದರೆ ಹುಡುಗ ಫೋನ್ ತೆಗೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಇಟಗಿ ಅಲ್ಲಿಂದ ಹತ್ತಿರ. ಹಿಂದೆಲ್ಲ ಯಲಬುರ್ಗಾ ತಾಲ್ಲೂಕಿನ ಊರು. ಇಲ್ಲಿಯ ಮಹಾದೇವ ಗುಡಿಯನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು 1112ರಲ್ಲಿ. ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎನ್ನುತ್ತದೆ. ತನ್ನ ಗುಡಿಯನ್ನು ತಾನೇ ಹೊಗಳಿಸಿಕೊಂಡ ಎನ್ನಬಹುದು. ಆದರೆ ನೋಡಿದ ಮೇಲೆ ಜಗಳ ತೆಗೆಯುವ ಮನಸ್ಸಾಗುವುದಿಲ್ಲ.

ಗೋಡೆಯ ಗೂಡುಗಳ ಮೇಲೆ ಮಕರಗಳಿವೆ. ಹುಡುಗ ಮುಖ ಹತ್ತಿರ ಒಯ್ದು ನೋಡಿದ. "ಇದೇನ್ರಿ ಕಾಕಾ, ಆನಿ ಐತೋ ಮೊಸಳಿ ಐತೋ?"

"ಎರಡೂ ಐತಿ."

ಸೊಂಡಿಲು ಆನೆಯದು, ಮೇಲಕ್ಕೆ ಸುರುಳಿ ಸುತ್ತಿಕೊಂಡಿದೆ. ಅದರ ಕೆಳಗೆ ಮೊಸಳೆಯ ದವಡೆ, ಸಾಲು ಹಲ್ಲು. ಕಾಲು ಸಿಂಹದ್ದು. ಅದರ ಹಿಂದೆ ಮೈ ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಬಾಲ ಬಳ್ಳಿಯಾಗಿ, ಬಳ್ಳಿ ಎಲೆಯಾಗಿ, ಸುರುಳಿಯೊಳಗೆ ಸುರುಳಿಯಾಗಿ ಹರಿದುಹೋಗಿದೆ. ಗಜೇಂದ್ರಮೋಕ್ಷದಲ್ಲಿ ಆನೆಯ ಕಾಲು ಹಿಡಿದೆಳೆದ ಮೊಸಳೆ ಇಲ್ಲಿ ಅದೇ ಆನೆಯ ಜೊತೆ ಒಂದೇ ಮೈಯಲ್ಲಿ ಸಂಸಾರ ಹೂಡಿದೆ.

ಈ ಬಾಲ ಹೀಗಾಗಿದ್ದಕ್ಕೆ ಕಲ್ಲೂ ಕಾರಣ. ಬಾದಾಮಿ, ಪಟ್ಟದಕಲ್ಲಿನವರು ಕೆತ್ತಿದ್ದು ಮರಳುಗಲ್ಲಿನಲ್ಲಿ; ಉಳಿ ಸ್ವಲ್ಪ ಜಾಸ್ತಿ ಒಳಗೆ ಹೋದರೆ ಚಕ್ಕೆ ಹಾರುತ್ತದೆ. 11ನೇ ಶತಮಾನದಲ್ಲಿ ಈ ಕಡೆಯ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದರು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬರಬರುತ್ತ ಗಟ್ಟಿ. ಅಂಥ ಕಲ್ಲು ಸಿಕ್ಕವನ ಕೈ ಎಲ್ಲಿ ನಿಲ್ಲುತ್ತದೆ? ನಾನು ಮಕ್ಕಳಿಗೆ ಮಕರ ಕಲಿಸುವಾಗ ಬಾಲದಿಂದಲೇ ಶುರು ಮಾಡಿಸುತ್ತಿದ್ದೆ. ತಲೆಯಿಂದ ಹೊರಟವರು ಆನೆಯಲ್ಲೇ ಉಳಿದುಬಿಡುತ್ತಿದ್ದರು.

ಪ್ರಾಣಿ ಮಾತ್ರ ಇಟಗಿಗಿಂತ ಬಹಳ ಹಳೆಯದು. ಬಿಹಾರದ ಬರಾಬರ್ ಗುಡ್ಡದ ಲೋಮಸ್ ಋಷಿ ಗವಿಯ ಕಮಾನಿನ ಎರಡು ತುದಿಗೆ, ಮೌರ್ಯರ ಕಾಲದಲ್ಲೇ, ಮಕರ ಬಂದು ಕೂತಿದೆ. ಆಮೇಲೆ ಗಂಗೆಗೆ ವಾಹನವಾಯಿತು, ವರುಣನಿಗೆ ವಾಹನವಾಯಿತು, ಮನ್ಮಥನ ಬಾವುಟ ಹತ್ತಿತು, ವಿಷ್ಣುವಿನ ಕಿವಿಗೆ ಕುಂಡಲವಾಯಿತು. ಕಡಲು ದಾಟಿ ಜಾವಾಕ್ಕೂ ಹೋಗಿ, ಬೊರೊಬುದೂರಿನಲ್ಲಿ ಮಳೆನೀರು ಉಗುಳುವ ಬಾಯಾಗಿ ನಿಂತಿದೆ. ಅರ್ಧ ಮೊಸಳೆಯಂತೂ ನಮಗೆ ದೂರದ್ದಲ್ಲ; ಗಂಗಾವತಿ ಕಡೆ, ಆನೆಗೊಂದಿಯ ಹೊಳೆಯಲ್ಲಿ ಈಗಲೂ ಇದೆ. ಹರಿಗೋಲು ಹಾಕುವವರನ್ನು ಕೇಳಿ.

"ಇದರ ಅಟ್ಯಾಕ್ ಏನು ಕಾಕಾ?" ಹುಡುಗ ನೋಟ್‌ಬುಕ್ ತೆಗೆದ. ಅವರ ಆಟದಲ್ಲಿ ಪ್ರತಿ ಪ್ರಾಣಿಗೂ ಒಂದು ಏಟು ಇರಲೇಬೇಕಂತೆ: ಬೆಂಕಿ ಉಗುಳುವುದು, ಇಡಿಯಾಗಿ ನುಂಗುವುದು, ಇಂಥವು.

ನಾನು ತೋರಣದ ಕಡೆ ಕೈ ಮಾಡಿದೆ. ಅಷ್ಟು ದೊಡ್ಡ ಬಾಯಿ, ಅಷ್ಟು ಹಲ್ಲು. ಆದರೆ ಮಕರ ಯಾರನ್ನೂ ಅಗಿಯುತ್ತಿಲ್ಲ. ತೋರಣದ ಕಮಾನು ಅದರ ಬಾಯಿಂದಲೇ ಏರುತ್ತದೆ. ಗುಡಿಗಳ ಪ್ರಣಾಳದಲ್ಲಿ ಅಭಿಷೇಕದ ನೀರೂ ಎಷ್ಟೋ ಕಡೆ ಇದರ ಬಾಯಿಂದಲೇ ಹೊರಗೆ ಬೀಳುತ್ತದೆ. ಎರಡು ಸಾವಿರ ವರ್ಷದಿಂದ ಇದರ ಕಸುಬು ನುಂಗುವುದಲ್ಲ, ಕಕ್ಕುವುದು.

ಹುಡುಗ ಸ್ವಲ್ಪ ಹೊತ್ತು ಪೆನ್ ಕಚ್ಚಿಕೊಂಡು ನಿಂತ. ಆಮೇಲೆ ಅಟ್ಯಾಕ್ ಎಂದಿದ್ದ ಕಡೆ 'ಬಾಯಿಂದ ಬಳ್ಳಿ' ಎಂದು ಬರೆದು, ಇದಕ್ಕೆ ಎಷ್ಟು ದಾಳ ಹಾಕಬೇಕು ಅಂತ ನನ್ನನ್ನೇ ಕೇಳಿದ.