ಪಂಡಿತಾ ರಮಾಬಾಯಿ: ಹಸಿವು, ಶೋಕ ಮತ್ತು ಒಂದು ಶಾಲೆ

ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ವಯಸ್ಸಾದವರ ಬಾಯಲ್ಲಿ ‘ಧಾತು-ಈಶ್ವರ ಬರ’ ಎಂಬ ಮಾತು ಬಹುಕಾಲ ಉಳಿದಿತ್ತು. ಧಾತು ಮತ್ತು ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಕಾಡಿದ ಭೀಕರ ಕ್ಷಾಮದ ಹೆಸರದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. ಹತ್ತು ವರ್ಷಗಳ ನಂತರ, 1881ರಲ್ಲಿ ಎಣಿಸಿದಾಗ ಅದು 41,86,188ಕ್ಕೆ ಇಳಿದಿತ್ತು. ಹೆಚ್ಚಾಗಬೇಕಾದ ಜನ ಎಂಟೂಮುಕ್ಕಾಲು ಲಕ್ಷದಷ್ಟು ಕಡಿಮೆಯಾಗಿದ್ದರು. ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡಿನ ಮಳೆಯ ಆಸರೆಯಿತ್ತು. ಆದರೆ ಪೂರ್ವದ ಚನ್ನರಾಯಪಟ್ಟಣ, ಬಾಗೂರು, ನುಗ್ಗೇಹಳ್ಳಿ ಕಡೆಯ ಬಯಲು ಕೆರೆಯನ್ನೂ ಮುಗಿಲನ್ನೂ ನಂಬಿ ಬದುಕಿದ ನೆಲ. ಕೆರೆ ಬತ್ತಿದರೆ ಅಲ್ಲಿ ರಾಗಿಯೂ ಇಲ್ಲ, ಹುರುಳಿಯೂ ಇಲ್ಲ.

ಆ ಬರದ ನಂತರ ವೆಸ್ಲಿಯನ್ ಮಿಷನ್‌ನವರು ಹಾಸನದಲ್ಲಿ ಹೆಣ್ಣುಮಕ್ಕಳಿಗೂ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಅನಾಥಾಲಯಗಳನ್ನು ನಡೆಸಿದರು. ಅಲ್ಲಿ ಮಕ್ಕಳಿಗೆ ಊಟ ಸಿಕ್ಕಿತು, ಅಕ್ಷರ ಸಿಕ್ಕಿತು, ಕಸುಬು ಸಿಕ್ಕಿತು, ಜೊತೆಗೆ ಹೊಸ ಧರ್ಮವೂ ಸಿಕ್ಕಿತು. ಇದನ್ನು ಕೆಲವರು ಕರುಣೆ ಎಂದರು, ಕೆಲವರು ಅನ್ನ ತೋರಿಸಿ ಮಾಡಿದ ಮತಾಂತರ ಎಂದರು. ಈ ಜಗಳ ಈಗಲೂ ಮುಗಿದಿಲ್ಲ. ಇದರಲ್ಲಿ ಎರಡೂ ಕಡೆಯವರು ಮರೆಯುವುದು ಒಂದೇ ಸಂಗತಿಯನ್ನು: ತಂದೆತಾಯಿ ಕಣ್ಣೆದುರಿಗೇ ಹಸಿದು ಸತ್ತದ್ದನ್ನು ಕಂಡ ಮಗುವಿನ ಮನಸ್ಸಿನಲ್ಲಿ ಏನು ನಡೆದಿರಬಹುದು? ಮಿಷನ್‌ನ ವರದಿಗೂ ವಿರೋಧಿಗಳ ಪತ್ರಿಕೆಗೂ ಆ ಮಗು ಒಂದು ಸಂಖ್ಯೆ ಮಾತ್ರ.

ಆದರೆ ಹಾಗೆ ಅನಾಥಳಾದ ಒಬ್ಬ ಹುಡುಗಿ ಮುಂದೆ ತಾನೇ ಬರೆದಳು, ತಾನೇ ಅನಾಥೆಯರಿಗಾಗಿ ಶಾಲೆ ಕಟ್ಟಿದಳು. ಆಕೆ ಹುಟ್ಟಿದ್ದು ನಮ್ಮ ಕರ್ನಾಟಕದ ನೆಲದಲ್ಲೇ. ಆಕೆಯೇ ಪಂಡಿತಾ ರಮಾಬಾಯಿ.

ಹಾಸನದಿಂದ ಬೇಲೂರು, ಚಿಕ್ಕಮಗಳೂರು ದಾಟಿ ಕುದುರೆಮುಖದ ಕಾಡಿಗೆ ಹೋದರೆ ಗಂಗಾಮೂಲ ಸಿಗುತ್ತದೆ. ತುಂಗೆ, ಭದ್ರೆ, ನೇತ್ರಾವತಿಯರ ಹುಟ್ಟಿನ ಜಾಗ. ಘಟ್ಟ ಇಳಿದರೆ ಕಾರ್ಕಳದ ಹಾದಿಯಲ್ಲಿ ಮಾಳ. ಅಲ್ಲಿನ ಚಿತ್ಪಾವನ ಮನೆತನದ ಅನಂತಶಾಸ್ತ್ರಿ ಡೋಂಗ್ರೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟರು. ಊರಿನವರಿಗೆ ಅದು ಸಹಿಸಲಾಗದ ಸಂಗತಿ. ಅವರನ್ನು ಉಡುಪಿಯ ವಿದ್ವಾಂಸರ ಮುಂದೆ ಕರೆಸಲಾಯಿತು. ಹೆಣ್ಣು ಸಂಸ್ಕೃತ ಕಲಿಯುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಅವರು ಶಾಸ್ತ್ರದಿಂದಲೇ ವಾದಿಸಿದರು. ಆದರೂ ಊರ ಸಹವಾಸ ಸಾಕಾಗಿ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಮಗುವಿಗೆ ಆರು ತಿಂಗಳಾಗಿದ್ದಾಗ ಸಂಸಾರ ಕಾಡು ಬಿಟ್ಟಿತು. ಆಮೇಲೆ ಅವರಿಗೆ ಊರು ಎಂಬುದು ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ಪುರಾಣ ಓದಿ, ಜನ ಕೊಟ್ಟದ್ದನ್ನು ಉಂಡು ಬದುಕಿದರು. ತಾಯಿಯ ಬಾಯಿಂದಲೇ ರಮಾಬಾಯಿ ಸಂಸ್ಕೃತ ಕಲಿತರು. ಅಲೆದಾಟದಲ್ಲಿ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ತಾವಾಗಿಯೇ ಬಂದವು.

ಧಾತು ಬರಕ್ಕೆ ಎರಡು ವರ್ಷ ಮೊದಲೇ, 1874ರ ಹೊತ್ತಿಗೆ, ಮದ್ರಾಸ್ ಪ್ರಾಂತ್ಯದ ಕಡೆ ಅಭಾವ ತಲೆದೋರಿತ್ತು. ಪುರಾಣ ಕೇಳಿ ದಕ್ಷಿಣೆ ಕೊಡುವವರಿರಲಿಲ್ಲ. ಕೂಲಿ ಮಾಡಲು ಪಂಡಿತನ ಸಂಸಾರಕ್ಕೆ ಬರುತ್ತಿರಲಿಲ್ಲ, ಬೇಡಲು ಮಾನ ಬಿಡಲಿಲ್ಲ. ಪಾತ್ರೆಪಗಡ, ಒಡವೆ, ಒಳ್ಳೆಯ ಬಟ್ಟೆ ಎಲ್ಲ ಮಾರಿ ದಾನ ಕೊಟ್ಟರು. ದೇವರು ಪ್ರಸನ್ನನಾಗಿ ಐಶ್ವರ್ಯ ಕೊಡುತ್ತಾನೆಂಬ ನಂಬಿಕೆ. ಕೊನೆಗೆ ಕಾಡಿನಲ್ಲಿ ಎಲೆ ತಿಂದು ದಿನ ಕಳೆದರು. ಕಣ್ಣು ಕಾಣದ ವೃದ್ಧ ತಂದೆ ಪುಣ್ಯತೀರ್ಥದಲ್ಲಿ ದೇಹ ಬಿಡಲು ಸಿದ್ಧರಾಗಿದ್ದರು. ಮಗ ಶ್ರೀನಿವಾಸ, ತಾನು ಕೂಲಿ ಮಾಡಿ ಸಾಕುತ್ತೇನೆಂದು ತಡೆದ. ಆದರೆ ತಂದೆ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ರಾಯಚೂರಿನಲ್ಲಿ ತಾಯಿಯೂ ತೀರಿಕೊಂಡರು. ಜ್ವರದಲ್ಲಿ ಬಡಬಡಿಸುತ್ತಿದ್ದ ತಾಯಿಗಾಗಿ ರಮಾಬಾಯಿ ನೆರೆಮನೆಯವರನ್ನು ಒಂದು ತುಂಡು ಸಜ್ಜೆರೊಟ್ಟಿ ಬೇಡಿ ತಂದರು. ತಾಯಿಗೆ ಅದನ್ನು ತಿನ್ನುವ ಶಕ್ತಿ ಇರಲಿಲ್ಲ. ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಸಿಕ್ಕವರು ಇಬ್ಬರು, ಮೂರನೆಯವನು ಮಗ, ನಾಲ್ಕನೆಯವಳು ಹದಿನಾರು ವರ್ಷದ ಮಗಳು. ಎತ್ತರ ಸಾಲದೆ ಆಕೆ ಚಟ್ಟವನ್ನು ತಲೆಯ ಮೇಲೆ ಹೊತ್ತು ನಡೆದಳು. ನಂತರ ಅಕ್ಕನೂ ಹೋದಳು.

ನಂಬಿದ ದೇವರು ಯಾಕೆ ಕೇಳಲಿಲ್ಲ? ಈ ಪ್ರಶ್ನೆ ರಮಾಬಾಯಿಯವರನ್ನು ಬಿಡಲಿಲ್ಲ. ಅಣ್ಣತಂಗಿ ಉಪಖಂಡದ ಉದ್ದಗಲ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾದ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಬಿರುದು ಬಂದ ಎರಡೇ ವರ್ಷಕ್ಕೆ, 1880ರಲ್ಲಿ, ಅಣ್ಣ ಢಾಕಾದಲ್ಲಿ ತೀರಿಹೋದ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟು ಮೀರಿ ಮದುವೆಯಾದರು. 1881ರಲ್ಲಿ ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿಯಾದರು. ಎಂಟು ವರ್ಷಗಳಲ್ಲಿ ಐದು ಸಾವು.

ಮುಂದಿನ ದುರಂತ ಇಂಗ್ಲೆಂಡಿನಲ್ಲಿ ಕಾದಿತ್ತು. ವೈದ್ಯಕೀಯ ಓದುವ ಆಸೆಯಿಂದ 1883ರಲ್ಲಿ ರಮಾಬಾಯಿ, ಪುಟ್ಟ ಮನೋರಮೆ ಮತ್ತು ಜೊತೆಗಾತಿ ಆನಂದಿಬಾಯಿ ಭಗತ್ ವಾಂಟೇಜ್ ಎಂಬ ಊರಿಗೆ ಬಂದರು. ಅಲ್ಲಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ವಾಸ. ತಮ್ಮಿಬ್ಬರನ್ನೂ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡುತ್ತಾರೆಂಬ ಭಯ ಆನಂದಿಬಾಯಿಯ ಮನಸ್ಸನ್ನು ಹಿಡಿಯಿತು. ಆ ಭಯದ ಉನ್ಮಾದದಲ್ಲಿ ಆಕೆ ಒಂದು ರಾತ್ರಿ ರಮಾಬಾಯಿಯವರ ಕತ್ತು ಹಿಸುಕಲು ಹೋದಳೆಂದು ಮ್ಯಾಕ್ಸ್ ಮುಲ್ಲರ್ ಬರೆದಿದ್ದಾರೆ. ಕೊನೆಗೆ ಆಕೆ ತನ್ನ ಜೀವವನ್ನೇ ತೆಗೆದುಕೊಂಡಳು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಮುಲ್ಲರ್ ಮನೆಗೆ ಬಂದಾಗ ರಮಾಬಾಯಿಗೆ ಒಬ್ಬರೇ ಮಲಗಲು ಧೈರ್ಯವಿರಲಿಲ್ಲ. ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಮಲಗಬೇಕಾಯಿತು.

ಇದಾದ ಕೆಲವೇ ವಾರಗಳಲ್ಲಿ, 1883ರ ಸೆಪ್ಟೆಂಬರ್ 29ರಂದು, ರಮಾಬಾಯಿ ಮಗಳೊಂದಿಗೆ ಕ್ರೈಸ್ತ ದೀಕ್ಷೆ ಪಡೆದರು. ಹೊರಡುವಾಗ ಮತಾಂತರವಾಗುವುದಿಲ್ಲ ಎಂದಿದ್ದವರು ಅವರೇ. ಪುಣೆಯ ಸುಧಾರಕರಿಗೆ ಇದು ಸಿಡಿಲು ಬಡಿದಂತಾಯಿತು. ಶೋಕದಲ್ಲಿ ದುರ್ಬಲಳಾದ ಹೆಣ್ಣನ್ನು ಮಿಷನರಿಗಳು ಸೆಳೆದರು ಎಂಬ ವಿವರಣೆ ಸುಲಭವಾದದ್ದು. ಆದರೆ ಅವರ ಮುಂದಿನ ನಡೆ ದುರ್ಬಲಳದ್ದಲ್ಲ. ಅವರ ಮನಸ್ಸನ್ನು ಕಲಕಿದ್ದು ತಾವೇ ಕಂಡ ಒಂದು ದೃಶ್ಯವೆಂದು ಅವರು ಹೇಳಿಕೊಂಡಿದ್ದಾರೆ. ಲಂಡನ್ನಿನ ಫುಲ್ಹಮ್‌ನಲ್ಲಿ ಸಮಾಜ ‘ಕೆಟ್ಟವರು’ ಎಂದು ತಳ್ಳಿದ ಹೆಂಗಸರನ್ನು ಆ ಸನ್ಯಾಸಿನಿಯರು ಮನೆಮಕ್ಕಳಂತೆ ನೋಡಿಕೊಳ್ಳುತ್ತಿದ್ದರು. ಅದಕ್ಕೆ ಕಾರಣ ಕೇಳಿದಾಗ, ಬಾವಿಯ ಬಳಿ ಯೇಸು ಸಮಾರ್ಯದ ಹೆಣ್ಣಿನೊಂದಿಗೆ ಮಾತಾಡಿದ ಕಥೆಯನ್ನು ಓದಿ ತೋರಿಸಿದರು.

ದೀಕ್ಷೆ ಕೊಟ್ಟವರಿಗೇ ರಮಾಬಾಯಿ ತಲೆನೋವಾದರು. ಕಿವಿ ಮಂದವಾದ್ದರಿಂದ ವೈದ್ಯಕೀಯ ಕೈತಪ್ಪಿತು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಬಳಿ ಓದುತ್ತ, ಸಂಸ್ಕೃತ ಪಾಠ ಹೇಳುತ್ತ ಇದ್ದರು. ಗಂಡಸರಿಗೆ ಆಕೆ ಪಾಠ ಹೇಳಬಾರದೆಂದು ಬಿಷಪ್ಪರು ತಕರಾರು ತೆಗೆದರು. ಇವರು ಕೆರಳಿದರು. ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಎಲ್ಲಕ್ಕಿಂತ ಮುಖ್ಯವಾಗಿ, ತ್ರಿತ್ವದ ಸಿದ್ಧಾಂತವನ್ನೂ ಯೇಸುವಿನ ದೈವತ್ವವನ್ನೂ ಒಪ್ಪಲು ತಮಗೆ ಸಾಧ್ಯವಾಗುತ್ತಿಲ್ಲವೆಂದು ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಮುಸ್ಲಿಮ್ ಓದುಗರಿಗೆ ಈ ಪತ್ರಗಳು ಕುತೂಹಲಕರ. ದೇವರ ಏಕತ್ವದ ಪ್ರಶ್ನೆಯನ್ನು ಚರ್ಚಿನ ಒಳಗೇ ನಿಂತು, ಅದೂ ಚರ್ಚಿನ ಆಶ್ರಯದಲ್ಲಿರುವ ವಿಧವೆಯೊಬ್ಬಳು ಎತ್ತಿದ್ದಳು. ಪುರೋಹಿತರ ಒಂದು ನೊಗ ಕಳಚಿ ಇನ್ನೊಂದಕ್ಕೆ ಕತ್ತು ಕೊಡಲಾರೆ ಎಂಬುದು ಅವರ ನಿಲುವಿನ ಸಾರ.

1886ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ತಮ್ಮ ಸಂಬಂಧಿ ಆನಂದಿಬಾಯಿ ಜೋಶಿ ವೈದ್ಯೆಯಾಗಿ ಪದವಿ ಪಡೆಯುವುದನ್ನು ನೋಡಿದರು. ಆ ಜೋಶಿಯೂ ಮರುವರ್ಷವೇ, ಇನ್ನೂ 21ರ ಪ್ರಾಯದಲ್ಲಿ, ತೀರಿಕೊಂಡರು. ಅಮೆರಿಕದಲ್ಲಿ ಪುಸ್ತಕ ಬರೆದು, ಭಾಷಣ ಮಾಡಿ ಹಣ ಕೂಡಿಸಿದ ರಮಾಬಾಯಿ 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ತೆರೆದರು. ಮರುವರ್ಷ ಅದು ಪುಣೆಗೆ ಬಂತು.

ಶಾರದಾ ಸದನದಲ್ಲಿ ಧರ್ಮಬೋಧನೆ ಇರುವುದಿಲ್ಲವೆಂಬುದು ಒಪ್ಪಂದ. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಬಂದು ಕೂತರೆ ಏಳಿ ಎನ್ನುತ್ತಿರಲಿಲ್ಲ. ತಿಲಕರ ‘ಕೇಸರಿ’ ಇದನ್ನು ಬಯಲಿಗೆಳೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಬೆಂಬಲಿಗರೂ ಸಲಹಾ ಸಮಿತಿ ಬಿಟ್ಟರು. ಹಲವು ಹೆಣ್ಣುಮಕ್ಕಳನ್ನು ಮನೆಯವರು ಕರೆದೊಯ್ದರು. ಆ ತೆರೆದ ಬಾಗಿಲಿನ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ವಾಂಟೇಜಿನ ಆನಂದಿಬಾಯಿ ನೆನಪಾಗುತ್ತಾಳೆ. ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುತ್ತಿದೆಯೋ ಎಂಬ ಭಯಕ್ಕೆ ಒಂದು ಜೀವ ಹೋಗಿತ್ತು. ರಮಾಬಾಯಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಗಿಲು ತೆರೆದಿಟ್ಟರೆಂದು ನಾನು ಹೇಳುವುದಿಲ್ಲ. ಎಳೆಯ ವಿಧವೆಗೆ ತನ್ನನ್ನು ಸಾಕುವ ಅಕ್ಕನ ಪ್ರಾರ್ಥನೆ ಎಷ್ಟು ದೊಡ್ಡ ಸೆಳೆತ ಎಂಬುದನ್ನು ಅವರು ಸಾಕಷ್ಟು ಗಮನಿಸಲಿಲ್ಲ ಎಂಬ ಟೀಕೆಯಲ್ಲೂ ಹುರುಳಿದೆ.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಎರಡು ದಶಕಗಳ ಹಿಂದಿನ ರಾಯಚೂರು ರಮಾಬಾಯಿಯವರ ಕಣ್ಣಿಗೆ ಕಟ್ಟಿತು. ಹಣ ಇಲ್ಲ, ಜಾಗ ಇಲ್ಲ. ಆದರೂ ಹೊರಟರು. ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಎಲುಬು ಕಾಣುವ ಮೈ, ಹುಣ್ಣು, ಹೇನು. ಅನ್ನದ ರಾಶಿ ಕಂಡರೂ ನಾಳೆ ಸಿಗದೆಂದು ಬಚ್ಚಿಡುವ ಕೈ. ಪುಣೆಯಲ್ಲಿ ಪ್ಲೇಗು ಇದ್ದುದರಿಂದ ಅಷ್ಟು ಜನರನ್ನು ಊರಲ್ಲಿ ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಅಲ್ಲಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ಕೊಂಡಿದ್ದ ಹೊಲದಲ್ಲಿ ಡೇರೆ, ಹುಲ್ಲಿನ ಚಪ್ಪರ ಹಾಕಿದರು. ಅದೇ ‘ಮುಕ್ತಿ’. ಆಶ್ರಯದ ಒಬ್ಬ ಹುಡುಗಿ ಪುಣೆಯ ಪ್ಲೇಗ್ ಆಸ್ಪತ್ರೆಗೆ ಹೋದವಳು ಕಾಣೆಯಾದಾಗ, ರಮಾಬಾಯಿ ಪತ್ರಿಕೆಗೆ ಬರೆದು ಸರಕಾರವನ್ನೇ ಪ್ರಶ್ನಿಸಿದರು. ಮಾತು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಅವರ ಕ್ರೈಸ್ತ ಧರ್ಮ ಬ್ರಿಟಿಷ್ ಆಡಳಿತದ ಬಾಲಂಗೋಚಿಯಾಗಿರಲಿಲ್ಲ ಎನ್ನಲು ಇದೊಂದು ಸಾಕ್ಷಿ. 1900ರ ಗುಜರಾತ್ ಬರದ ನಂತರ ಮುಕ್ತಿಯಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು. ಶಾಲೆ, ನೇಯ್ಗೆ, ಎಣ್ಣೆಗಾಣ, ಹೈನು, ಅಚ್ಚುಕೂಟ ಎಲ್ಲವನ್ನೂ ಹೆಣ್ಣುಮಕ್ಕಳೇ ನಡೆಸಿದರು. ಕುರುಡರಿಗೆ ಬ್ರೈಲ್ ಕಲಿಸಲಾಯಿತು.

ಶಾರದಾ ಸದನದ ಹಾಗಲ್ಲ, ಮುಕ್ತಿ ಬಹಿರಂಗವಾಗಿ ಕ್ರೈಸ್ತ ಸಂಸ್ಥೆ. ಬಂದವರಲ್ಲಿ ಅನೇಕರು ದೀಕ್ಷೆ ಪಡೆದರು. ಹತ್ತು ವರ್ಷದ ಹಸಿದ ಹುಡುಗಿಗೆ ‘ಆಯ್ಕೆ’ ಎಂಬ ಮಾತಿಗೆ ಅರ್ಥವಿದೆಯೇ? ಇಲ್ಲವೆಂದೇ ನನ್ನ ಅನಿಸಿಕೆ. ಆದರೆ ಆಕೆಯನ್ನು ಬೀದಿಯಿಂದ ಎತ್ತಿಕೊಳ್ಳಲು ಆಗ ಬೇರೆ ಯಾರು ಸಾಲುಗಟ್ಟಿ ನಿಂತಿದ್ದರು ಎಂಬ ಪ್ರಶ್ನೆಗೂ ಟೀಕಾಕಾರರು ಉತ್ತರ ಕೊಡಬೇಕು. ಕೆಲವು ಕಡೆ ಆ ಹುಡುಗಿಯರಿಗಾಗಿ ಕಾದಿದ್ದವರು ವೇಶ್ಯಾಗೃಹಗಳ ದಲ್ಲಾಳಿಗಳು.

1905ರ ಜನವರಿಯಲ್ಲಿ ಮುಕ್ತಿಯ ಸುಮಾರು 70 ಹುಡುಗಿಯರು ದಿನವೂ ಸೇರಿ ಪ್ರಾರ್ಥಿಸತೊಡಗಿದರು. ಗುಂಪು ಬೆಳೆಯಿತು. ಜೂನ್ ಕೊನೆಯಲ್ಲಿ ಒಂದು ದಿನ ರಮಾಬಾಯಿ ಯೋಹಾನನ ಸುವಾರ್ತೆಯನ್ನು ತಮ್ಮ ಎಂದಿನ ಮೆಲುದನಿಯಲ್ಲಿ ವಿವರಿಸುತ್ತಿದ್ದಾಗ ಹುಡುಗಿಯರೆಲ್ಲ ಗಟ್ಟಿಯಾಗಿ ಅಳತೊಡಗಿದರು. ಅವರು ಮಾತು ನಿಲ್ಲಿಸಬೇಕಾಯಿತು. ಅಳು ದಿನಗಟ್ಟಲೆ ನಡೆಯಿತು. ಕ್ರೈಸ್ತ ಚರಿತ್ರಕಾರರು ಇದನ್ನು ಪವಿತ್ರಾತ್ಮನ ಇಳಿತವೆಂದೂ ಪಾಪದ ಪಶ್ಚಾತ್ತಾಪವೆಂದೂ ದಾಖಲಿಸುತ್ತಾರೆ. ಜಗತ್ತಿನ ಪೆಂಟೆಕೋಸ್ಟಲ್ ಚಳವಳಿಯ ಆರಂಭದ ಘಟನೆಗಳಲ್ಲಿ ಇದೂ ಒಂದು. ಅವರ ನಂಬಿಕೆಯನ್ನು ಅಳೆಯುವ ಅಧಿಕಾರ ನನಗಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 1897ರಲ್ಲಿ ಎಂಟು-ಹತ್ತು ವರ್ಷದವರಾಗಿ ಬಂದವರಿಗೆ ಆಗ ಹದಿನಾರು-ಹದಿನೆಂಟು. ತಾಯಿಯ ಹೆಣವನ್ನು ದಾರಿಯಲ್ಲೇ ಬಿಟ್ಟು ಬಂದ ಮಕ್ಕಳು ಅವರು. ಬಂದ ದಿನ ಅಳಲು ಮೈಯಲ್ಲಿ ನೀರೂ ಇರಲಿಲ್ಲ. ಅನ್ನ, ಬಟ್ಟೆ, ಪಾಠ, ನೇಯ್ಗೆ ಎಂದು ವರ್ಷಗಳು ಉರುಳಿದವು. ಹೊಟ್ಟೆ ತುಂಬಿ, ಮೈ ತುಂಬಿದ ಮೇಲೆ ಅಳಲು ಅವರಿಗೊಂದು ಜಾಗ ಸಿಕ್ಕಿತು ಎಂದು ನಾನು ಓದಿಕೊಳ್ಳುತ್ತೇನೆ. ಎದುರಿಗೆ ಕೂತಿದ್ದವಳು ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತವಳು. ಅವಳು ಸುಮ್ಮನಿರಿ ಎನ್ನಲಿಲ್ಲ.

ಕನ್ನಡ ನಾಡಿಗೆ ರಮಾಬಾಯಿಯವರ ಕೆಲಸ ಮರಳಿ ಬಂದದ್ದು ಮಗಳ ಮೂಲಕ. ಇಂಗ್ಲೆಂಡ್, ಅಮೆರಿಕಗಳಲ್ಲಿ ಓದಿ ಬಂದ ಮನೋರಮೆ ತಾಯಿಯ ಬಲಗೈಯಾಗಿದ್ದರು. 1912-13ರ ಹೊತ್ತಿಗೆ, ಆಗ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗಾದಲ್ಲಿ, ಇಂದಿನ ಕಲಬುರಗಿಯಲ್ಲಿ, ತಾಯಿಮಗಳು ಸೇರಿ ಶಾಲೆ ಆರಂಭಿಸಿದರು. ತಮ್ಮ ನಂತರ ಎಲ್ಲವನ್ನೂ ಮನೋರಮೆ ನಡೆಸುತ್ತಾಳೆಂಬುದು ರಮಾಬಾಯಿಯವರ ಎಣಿಕೆ. 1921ರ ಜುಲೈನಲ್ಲಿ ನಲವತ್ತು ವರ್ಷದ ಮನೋರಮೆ ಮೀರಜ್ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ಹೊತ್ತಿಗೆ ರಮಾಬಾಯಿಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು, ಓದುಬರಹ ಕಡಿಮೆಯಿರುವ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಗೆ ಬೈಬಲನ್ನು ತರುವ ಕೆಲಸವನ್ನು ಅವರು ವರ್ಷಗಳಿಂದ ಮಾಡುತ್ತಿದ್ದರು. ಮಗಳು ಹೋದ ಮೇಲೂ ಅದೇ ಮೇಜಿಗೆ ಬಂದು ಕೂತರು. 1922ರ ಏಪ್ರಿಲ್ 5ರಂದು ಅವರೂ ತೀರಿಕೊಂಡರು. ಕರಡು ತಿದ್ದಿದ ಹಾಳೆಗಳು ಅಚ್ಚುಕೂಟದಲ್ಲಿದ್ದವು. ಬರದಲ್ಲಿ ಬದುಕುಳಿದು ಅಲ್ಲಿ ಅಕ್ಷರ ಕಲಿತ ಹೆಂಗಸರೇ ಮೊಳೆ ಜೋಡಿಸಿ 1924ರಲ್ಲಿ ಇಡೀ ಗ್ರಂಥವನ್ನು ಅಚ್ಚು ಮಾಡಿ ಮುಗಿಸಿದರು.