ನಮ್ಮ ಬಡಾವಣೆಯ ಕೆಳಗಿನ ಊರು

ರಾಜಾಜಿನಗರದಿಂದ ವಿಜಯನಗರದ ಕಡೆಗೆ ಹೋಗುವಾಗ ಸಿಗುವ ಹೆಸರುಗಳನ್ನು ನೀವು ಗಮನಿಸಿರಬಹುದು. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಕಾಮಾಕ್ಷಿಪಾಳ್ಯ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ. ಬ್ಲಾಕು, ಸ್ಟೇಜು, ಮೇನು, ಕ್ರಾಸುಗಳ ಮಧ್ಯೆ ಇಷ್ಟೊಂದು ಹಳ್ಳಿಗಳು ಎಲ್ಲಿಂದ ಬಂದವು ಎಂದು ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಹಳ್ಳಿಗಳು ಇಲ್ಲೇ ಇದ್ದವು, ಆಮೇಲೆ ಬಂದವರು ನಾವು ಎಂದರೆ ಅವರು ಸುಲಭಕ್ಕೆ ನಂಬುವುದಿಲ್ಲ. ಸಾಕ್ಷಿ ಕೇಳುತ್ತಾರೆ. ಸಮಾಜ ಪಾಠ ಹೇಳುವವಳಿಗೆ ಇದಕ್ಕಿಂತ ಸಂತೋಷದ ಮಾತು ಬೇರೆ ಇಲ್ಲ. ಸಾಕ್ಷಿ ಇದೆ, ಅದರ ಹೆಸರು ಗ್ರಾಮ ನಕ್ಷೆ.

ನಮ್ಮ ಸೀಮೆಯನ್ನು ಹೊಸ ರೀತಿಯಲ್ಲಿ ಅಳೆಯುವ ಕೆಲಸ ಯುದ್ಧದ ಬೆನ್ನಿಗೇ ಆರಂಭವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ನೇಮಕವಾದ. ಅವನೊಡನೆ ಊರೂರು ಸುತ್ತಿ ಶಾಸನ, ಕೈಫಿಯತ್ತುಗಳನ್ನು ಕೂಡಿಹಾಕಿದವರು ಕಾವಲಿ ಬೋರಯ್ಯನಂಥ ವಿದ್ವಾಂಸರು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ, ಏಳು ಮೈಲಿಗೂ ಮಿಕ್ಕಿದ ಒಂದು ನೇರ ಗೆರೆಯನ್ನು ಅಳೆದ. ತ್ರಿಕೋನದ ಒಂದು ಬಾಹು, ಎರಡು ಕೋನ ತಿಳಿದರೆ ಉಳಿದ ಬಾಹುಗಳು ಲೆಕ್ಕದಲ್ಲೇ ಸಿಗುತ್ತವೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದೇ ಲೆಕ್ಕದಿಂದ ಅವನು ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆದುಕೊಂಡು ಹೋದ. ಮಾಗಡಿ ರಸ್ತೆಯವರು ಇಂದಿಗೂ ತಮ್ಮದೆಂದುಕೊಳ್ಳುವ ಸಾವನದುರ್ಗ ಅಂಥ ಬೆಟ್ಟಗಳಲ್ಲೊಂದು.

ಆದರೆ ಈ ನಕ್ಷೆಗಳು ಬೇಕಾಗಿದ್ದದ್ದು ಆಳುವವರಿಗೆ, ಸೈನ್ಯಕ್ಕೆ. ರೈತನ ಹೊಲ ಒಂದೊಂದಾಗಿ ನಕ್ಷೆಗೆ ಇಳಿದದ್ದು 1863ರಲ್ಲಿ ಮೈಸೂರಿನಲ್ಲಿ ಕಂದಾಯದ ಮೋಜಣಿ ಆರಂಭವಾದ ಮೇಲೆ. ಆಗಿನ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲಕ್ಕೊಂದು ಸರ್ವೆ ನಂಬರು, ಮೂಲೆಗೊಂದು ಬಾಂದುಕಲ್ಲು. ಕೆರೆ, ಹಳ್ಳ, ಗಾಡಿದಾರಿ, ಸ್ಮಶಾನಗಳಿಗೆ ಕಂದಾಯ ಹಾಕಲು ಬರುವುದಿಲ್ಲ. ಆದ್ದರಿಂದ ಅವನ್ನು ಖರಾಬು ಎಂದು ಬೇರೆ ಮಾಡಿ, ಎಲ್ಲೆ ಗುರುತಿಸಿ ಇಡಬೇಕಾಯಿತು. ನನಗೆ ಈ ಸಂಗತಿ ಬಹಳ ಸ್ವಾರಸ್ಯವೆನಿಸುತ್ತದೆ. ಸರ್ಕಾರ ಹಣದ ಮೇಲೆ ಕಣ್ಣಿಟ್ಟು ಬರೆಸಿದ ನಕ್ಷೆ, ತನಗೇ ತಿಳಿಯದಂತೆ ನಮ್ಮ ನೀರಿನ ದಾಖಲೆಯಾಯಿತು.

ಆ ನೀರಿಗೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು. ಕೇತಮಾರನಹಳ್ಳಿ, ಮಾರೇನಹಳ್ಳಿಗಳ ಕೆರೆಗಳು ಬಡಾವಣೆಗಳಲ್ಲಿ ಕರಗಿಹೋದವು. ಉಳಿದ ಕೆರೆಗಳನ್ನು ಕಾಪಾಡುವುದು ಹೇಗೆಂದು ಹೇಳಲು 1985ರಲ್ಲಿ ಲಕ್ಷ್ಮಣರಾವ್ ಸಮಿತಿ ನೇಮಕವಾದಾಗ ನಮ್ಮ ಕಡೆ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಕೆರೆಯೊಂದು ಒಂಟಿಯಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಈ ಭಾಗದ ನೀರೆಲ್ಲ ಸೇರುವುದು ವೃಷಭಾವತಿಯನ್ನು. ಅದು ಕೆಂಗೇರಿ ದಾಟಿ ಅರ್ಕಾವತಿಯನ್ನು ಕೂಡುತ್ತದೆ. ಕೆರೆ ಮುಚ್ಚಿದರೂ ನೆಲದ ಇಳಿಜಾರು ಬದಲಾಗುವುದಿಲ್ಲ. ಮಳೆಗೆ ಹಳೆಯ ದಾರಿಯೇ ದಾರಿ.

ಬಹಳ ಕಾಲ ಈ ನಕ್ಷೆ ನೋಡಬೇಕೆಂದರೆ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಲ್ಲಬೇಕಿತ್ತು. ಈಗ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರು ರೂಪಿಸಿದ ದಿಶಾಂಕ್ ಎಂಬ ಆ್ಯಪ್ ಇದೆ. ಇದರ ಹಿಂದಿನ ಕೆಲಸ ಹೀಗೆ: ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡುತ್ತಾರೆ. ನಕ್ಷೆಯಲ್ಲೂ ನೆಲದ ಮೇಲೂ ಗುರುತು ಸಿಗುವ ಜಾಗಗಳನ್ನು, ಅಂದರೆ ಮೂರು ಊರುಗಳ ಗಡಿ ಕೂಡುವ ಕಲ್ಲು, ಕೆರೆ ಏರಿಯ ತಿರುವು ಇಂಥವನ್ನು ಆರಿಸಿ, ಅವುಗಳ ಅಕ್ಷಾಂಶ ರೇಖಾಂಶಕ್ಕೆ ನಕ್ಷೆಯನ್ನು ಹೊಂದಿಸುತ್ತಾರೆ. ಆಗ ಅದು ಉಪಗ್ರಹದ ಚಿತ್ರದ ಮೇಲೆ ತೆಳು ಸೆರಗಿನಂತೆ ಕೂರುತ್ತದೆ. ನೀವು ನಿಂತ ಜಾಗದ ಸರ್ವೆ ನಂಬರನ್ನು ಫೋನೇ ಹೇಳುತ್ತದೆ.

ನನ್ನ ತಂಗಿ ಕೆಂಗೇರಿಯಾಚೆ ಒಂದು ಸೈಟು ನೋಡಿದ್ದಳು. ಮಾರುವವರು, "ಹಳ್ಳ ಇಲ್ಲಿಂದ ಎಷ್ಟೋ ದೂರ ಅಮ್ಮಾ" ಎಂದರಂತೆ. ತಂಗಿಯ ಮಗ ಸೈಟಿನಲ್ಲೇ ನಿಂತು ಫೋನು ತೆರೆದ. "ದೊಡ್ಡಮ್ಮಾ, ಇಲ್ಲಿ ನೋಡಿ, ಗೆರೆ ನಮ್ಮ ಕಾಲ ಕೆಳಗೇ ಇದೆ" ಎಂದ. ತಂಗಿಯ ಮುಖ ಸಪ್ಪಗಾಯಿತು. ಇಪ್ಪತ್ತು ವರ್ಷದ ಉಳಿತಾಯ ಅದು. "ಇಷ್ಟು ಚೆನ್ನಾಗಿರೋ ಜಾಗ ಅಕ್ಕಾ, ಆ ಫೋನನ್ನ ನಂಬೋದಾ?" ಎಂದಳು.

ಅವಳ ಪ್ರಶ್ನೆ ಸರಿಯಾದದ್ದೇ. ಫೋನಿನ ಜಿಪಿಎಸ್ ಐದು ಮೀಟರು ಆಚೀಚೆ ತೋರಿಸಬಹುದು. ಐದು ಮೀಟರೆಂದರೆ ಸುಮಾರು 16 ಅಡಿ; 30 ಅಡಿ ಅಗಲದ ಸೈಟಿನಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಈ ಆ್ಯಪ್ ತೀರ್ಪು ಕೊಡುವ ನ್ಯಾಯಾಧೀಶನಲ್ಲ, ಅನುಮಾನ ಹುಟ್ಟಿಸುವ ಹಿತೈಷಿ ಮಾತ್ರ. ನಾವು ಗ್ರಾಮ ನಕ್ಷೆಯ ಪ್ರತಿ ತೆಗೆಸಿ, ಸರ್ವೆಯವರಿಂದ ಅಳೆಸಿದೆವು. ಹಳ್ಳದ ಖರಾಬು ಸೈಟಿನ ಒಂದು ಮೂಲೆಯನ್ನು ತಿಂದಿತ್ತು. ತಂಗಿ ಆ ಸೈಟು ಕೊಳ್ಳಲಿಲ್ಲ. ಇಂದಿಗೂ ಬಾಡಿಗೆ ಮನೆಯಲ್ಲೇ ಇದ್ದಾಳೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳು ಮುಳುಗಿ, ರಾಜಕಾಲುವೆಯ ಮೇಲೆ ಕಟ್ಟಿದ್ದನ್ನು ಒಡೆಯುವುದನ್ನು ಟಿವಿಯಲ್ಲಿ ನೋಡಿದಾಗ, ಗೋಡೆ ಕಳೆದುಕೊಂಡವರಲ್ಲಿ ತಿಳಿಯದೆ ಕೊಂಡವರು ಎಷ್ಟು ಮಂದಿಯೋ ಎಂದು ನನಗೆ ಸಂಕಟವಾಯಿತು. ನಕ್ಷೆ ಆಗಲೂ ಇತ್ತು. ಅದನ್ನು ಓದಲು ಅವರಿಗೆ ಯಾರೂ ಕಲಿಸಿರಲಿಲ್ಲ.

ನಾವು ಮಕ್ಕಳಿಂದ ಖಂಡಗಳ ನಕ್ಷೆ ಬರೆಸುತ್ತೇವೆ, ನೈಲ್ ನದಿಗೆ ನೀಲಿ ಬಣ್ಣ ತುಂಬಿಸುತ್ತೇವೆ. ಅದು ಬೇಕು. ಅದರ ಜೊತೆಗೆ ತಮ್ಮ ಮನೆಯ ಸರ್ವೆ ನಂಬರು ಯಾವುದು, ಮಳೆ ಬಂದರೆ ತಮ್ಮ ಬೀದಿಯ ನೀರು ಯಾವ ಕಡೆ ಹರಿಯುತ್ತದೆ ಎಂಬುದೂ ಅವರಿಗೆ ಗೊತ್ತಿರಬೇಕು. ನಾಳೆ ಸೈಟು ಕೊಳ್ಳುವವರು, ಮಾರುವವರು, ಕಾಲುವೆ ಕಾಯುವವರು ಎಲ್ಲರೂ ಆ ಬೆಂಚುಗಳಿಂದಲೇ ಎದ್ದು ಹೋಗುವವರು.