ಬೀದರ್ ನೆಲ ಹೇಳಿದ ಸಾಕ್ಷಿ

ಹಲಬರ್ಗಾದಲ್ಲಿ ಇದೀರಿ ಅಂತ ನಿಮ್ಮ ಫೋನ್ ಹೇಳುತ್ತೆ. ಆದ್ರೆ ಸುಳ್ಳು ಲೊಕೇಶನ್ ತೋರಿಸೋಕೆ ಒಂದು ಆ್ಯಪ್ ಸಾಕು. ಅದಕ್ಕೇ ಒಡೆಯರಿಲ್ಲದ ಹೊಸ ನೆಟ್‌ವರ್ಕ್‌ಗಳಲ್ಲಿ ಅಕ್ಕಪಕ್ಕದ ಸಾಧನಗಳು ಸಾಕ್ಷಿ ಹೇಳಬೇಕು. ಯಾರನ್ನ ಸಾಕ್ಷಿಗೆ ಆರಿಸೋದು? ಬೀದರ್ ಸೀಮೆಗೆ ಇದು ಹಳೇ ಪ್ರಶ್ನೆ.

1815ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೀದರ್ ಹತ್ತಿರದ ದಾಮರಗಿಡ್ಡದಲ್ಲಿ ಆಧಾರ ರೇಖೆ ಅಳೆದ. ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಕಟ್ಟೋ ಕೆಲಸ. ಗುಡ್ಡ ಎತ್ತರ ಇದ್ರೆ ಸಾಲದು, ಒಂದಕ್ಕೊಂದು ಕಾಣಬೇಕು. ತ್ರಿಕೋನ ಚಪ್ಪಟೆ ಆಗಬಾರದು. ಚಪ್ಪಟೆ ಆದ್ರೆ ಕೋನದ ಸಣ್ಣ ತಪ್ಪೂ ದೂರದ ಲೆಕ್ಕದಲ್ಲಿ ಹಿಗ್ಗುತ್ತೆ.

ನನಗೆ ಇಷ್ಟವಾಗೋದು 1841. ಮಧ್ಯ ಭಾರತದ ಸಿರೋಂಜ್‌ನಲ್ಲಿ ಅಳೆದ ರೇಖೆಯಿಂದ ತ್ರಿಕೋನಗಳ ಸಾಲು ಬೀದರ್ ತನಕ ಬಂದಿತ್ತು. ಇಲ್ಲಿನ ರೇಖೆ ಎಷ್ಟು ಉದ್ದ ಅಂತ ಲೆಕ್ಕವೇ ಹೇಳ್ತಿತ್ತು. ಆದ್ರೂ ಆಂಡ್ರ್ಯೂ ವಾ ಅದನ್ನ ನಂಬದೆ, ನೆಲದ ಮೇಲೆ ಮತ್ತೆ ಅಳೆಸಿದ. 12 ಕಿ.ಮೀ.ಗೂ ಹೆಚ್ಚು ಉದ್ದದ ರೇಖೆಯಲ್ಲಿ ವ್ಯತ್ಯಾಸ ಬಂದಿದ್ದು 4 ಇಂಚು ಚಿಲ್ಲರೆ!

ಅವನು ಸಿರೋಂಜ್ ಲೆಕ್ಕವನ್ನೇ ನಕಲು ಮಾಡಿದ್ರೆ ವ್ಯತ್ಯಾಸ ಸೊನ್ನೆ, ಸಾಕ್ಷಿಯೂ ಸೊನ್ನೆ. ಹೀಲಿಯಂ ನೆಟ್‌ವರ್ಕ್‌ನಲ್ಲೂ ಇದೇ ಪಾಡಾಯ್ತು: ಟೋಕನ್ ಆಸೆಗೆ ಕೆಲವರು ಹಾಟ್‌ಸ್ಪಾಟ್‌ಗಳಿಗೆ ಸುಳ್ಳು ಜಾಗ ಬರೆದು, ಅವೇ ಒಂದಕ್ಕೊಂದು ಸಾಕ್ಷಿ ಹೇಳೋ ಹಾಗೆ ಮಾಡಿದ್ರು. ಒಂದೇ ಮನೆಯ ಹತ್ತು ಪೆಟ್ಟಿಗೆ ಸೇರಿದ್ರೂ ಸಾಕ್ಷಿ ಒಂದೇ.